ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ? ಬಂಡೆಯ ಅಂಚು ನೋಡಿ

ಪ್ರಶ್ನೆ: ಸರ್, ಕಳೆದ ಅಕ್ಟೋಬರ್ ರಜೆಯಲ್ಲಿ ಮನೆಯವರೆಲ್ಲ ತಲಕಾಡಿಗೆ ಹೋಗಿದ್ದೆವು. ಮಂಡಿಯುದ್ದ ನೀರು, ಒಳ್ಳೆಯ ಬಿಸಿಲು, ಮಕ್ಕಳು ಆಡುತ್ತಿದ್ದರು. ಅಲ್ಲೇ ಎಮ್ಮೆ ತೊಳೆಯುತ್ತಿದ್ದ ಹಿರಿಯರೊಬ್ಬರು ಬಂದು "ಏಳ್ರವ್ವ ಮೇಲಕ್ಕೆ, ನೀರು ಬತ್ತಾ ಅದೆ" ಅಂದರು. ನಮಗೇನೂ ಕಾಣಲಿಲ್ಲ. ಒಲ್ಲದ ಮನಸ್ಸಿನಿಂದಲೇ ಎದ್ದು ಬಂದೆವು. ಅರ್ಧ ಗಂಟೆಯಲ್ಲಿ ನಾವು ಟವೆಲ್ ಇಟ್ಟಿದ್ದ ಕಲ್ಲು ಮುಳುಗಿತ್ತು. ಅವರಿಗೆ ಹೇಗೆ ಗೊತ್ತಾಯಿತು? ಪೇಟೆಯವರು ಇದನ್ನು ಕಲಿಯಬಹುದೇ? ಈ ಸಲ ಮತ್ತೆ ಹೊರಟಿದ್ದೇವೆ. ತಮ್ಮನಿಗೆ ಗಾಳದ ಹುಚ್ಚು, ಮಕ್ಕಳಿಗೆ ತೆಪ್ಪ ಬೇಕು. ನಮ್ಮ ಅತ್ತೆಯವರ ಊರು ತುರುವೇಕೆರೆ ಕಡೆ. ಅಲ್ಲಿನ ಕೆರೆಯಲ್ಲಿ ಈಜಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಆ ಯಜಮಾನರು ಬಹುಶಃ ಕಲ್ಲನ್ನು ನೋಡಿದ್ದರು.

ಹೊಳೆ ಇಳಿಯುತ್ತಿರುವಾಗ ನೀರಿನ ಅಂಚಿಗೆ ಸರಿಯಾಗಿ ಮೇಲೆ, ಬಂಡೆಯ ಮೈಮೇಲೆ ಒಂದು ಕಪ್ಪು ಪಟ್ಟಿ ಇರುತ್ತದೆ. ಈಗತಾನೇ ನೀರು ಬಿಟ್ಟು ಹೋದ ಒದ್ದೆ ಅದು. ಅದರ ಮೇಲಂಚು ಬಿಸಿಲಿಗೆ ನಿಧಾನವಾಗಿ ಬೆಳ್ಳಗಾಗುತ್ತಾ ಬರುತ್ತದೆ. ಹೊಳೆ ಏರುತ್ತಿರುವಾಗ ಈ ಪಟ್ಟಿ ಇರುವುದಿಲ್ಲ. ಒಣಕಲ್ಲು ನೇರವಾಗಿ ನೀರಿನೊಳಕ್ಕೆ ಇಳಿದುಹೋಗುತ್ತದೆ. ಬೆಳಿಗ್ಗೆ ಪಟ್ಟಿ ಇದ್ದು ಮಧ್ಯಾಹ್ನ ಮಾಯವಾಗಿದ್ದರೆ ನೀರು ತಿರುಗಿಕೊಂಡಿದೆ ಎಂದೇ ಅರ್ಥ. ದಿನವೂ ಅದೇ ಬಂಡೆಯ ಪಕ್ಕ ಎಮ್ಮೆ ತೊಳೆಯುವವರಿಗೆ ಇದು ನಮಗೆ ಟ್ರಾಫಿಕ್ ಸಿಗ್ನಲ್ ಕಂಡಷ್ಟೇ ಸಲೀಸು.

ಎರಡನೆಯದು ಕಸ. ದಡದಲ್ಲಿ ವಾರಗಟ್ಟಲೆ ಒಣಗಿ ಬಿದ್ದಿದ್ದ ಎಲೆ, ಕಡ್ಡಿ, ಸಗಣಿಯ ಚೂರು, ಚಿಪ್ಸ್ ಪಾಕೀಟು ಎಲ್ಲವನ್ನೂ ಏರುವ ನೀರು ಎತ್ತಿಕೊಂಡು ಬರುತ್ತದೆ. ಅಲ್ಲಿಯವರೆಗೆ ಖಾಲಿಯಾಗಿ ಹರಿಯುತ್ತಿದ್ದ ಹೊಳೆಯಲ್ಲಿ ಒಮ್ಮೆಲೇ ಒಣ ಕಸ ತೇಲಿಬಂದರೆ ಮೇಲ್ಗಡೆ ಎಲ್ಲೋ ದಡ ಮುಳುಗುತ್ತಿದೆ. ಅದರ ಹಿಂದೆಯೇ ಬಣ್ಣ ಬದಲಾಗುತ್ತದೆ. ಪಾದ ಕಾಣುತ್ತಿದ್ದ ನೀರಿನಲ್ಲಿ ಮೊಣಕಾಲೇ ಮಸುಕಾಗುತ್ತದೆ. ಸದ್ದೂ ಬದಲಾಗುತ್ತದೆ. ಗುಂಡುಕಲ್ಲುಗಳ ನಡುವೆ ಜುಳುಜುಳು ಅನ್ನುತ್ತಿದ್ದದ್ದು ಕಲ್ಲು ಮುಳುಗಿದಂತೆಲ್ಲ ಸುಮ್ಮನಾಗುತ್ತದೆ. ಹೊಳೆ ಮೌನವಾದರೆ ಪೇಟೆಯವರಿಗೆ ಶಾಂತವಾಯಿತು ಎನಿಸುತ್ತದೆ. ನನಗೆ ಮೊದಲು ಭಯವಾಗುವುದೇ ಆಗ.

ನೀವು ಕಲಿಯಬೇಕಾದದ್ದೂ ಇಷ್ಟೇ: ನೀರು ಈಗ ಹೇಗಿದೆ ಎಂಬುದಕ್ಕಿಂತ ಕಾಲು ಗಂಟೆಯ ಹಿಂದೆ ಹೇಗಿತ್ತು ಎಂಬುದು ಮುಖ್ಯ. ಕಣ್ಣು ಪಳಗುವವರೆಗೆ ಒಂದು ಕಡ್ಡಿ ಸಾಕು. ಹೋದ ತಕ್ಷಣ ನೀರಿನ ಅಂಚಿಗೆ ಸರಿಯಾಗಿ ಮರಳಿನಲ್ಲಿ ಕಡ್ಡಿ ನೆಡಿ, ಗಡಿಯಾರ ನೋಡಿಕೊಳ್ಳಿ. ಮಕ್ಕಳಲ್ಲಿ ದೊಡ್ಡವರಿಗೆ ಈ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾರೆ. ಹದಿನೈದು ನಿಮಿಷದಲ್ಲಿ ಕಡ್ಡಿಯ ಬುಡದಲ್ಲಿ ಎರಡು ಬೆರಳಿನಷ್ಟು ನೀರು ನಿಂತಿದ್ದರೆ ಚರ್ಚೆ ಬೇಡ, ಬುತ್ತಿ ಕಟ್ಟಿಕೊಂಡು ಮೇಲೆ ಬನ್ನಿ.

ನಾನು ನೀರಾವರಿ ಕೆಲಸದಲ್ಲಿ ಮೂವತ್ತು ವರ್ಷ ಗೇಜು, ಅಂದರೆ ನೀರಿನ ಮಟ್ಟದ ಅಳತೆಪಟ್ಟಿ, ಓದಿದವನು. ಆದರೂ ಕಡ್ಡಿಯ ಪಾಠ ಕಲಿತದ್ದು ಕಾಲೇಜಿನ ದಿನಗಳಲ್ಲಿ, ಶ್ರೀರಂಗಪಟ್ಟಣದ ಕೆಳಗೆ. ಅಣ್ಣನೂ ನಾನೂ ಗಾಳ ಹಾಕಲು ಹೊಳೆ ನಡುವಿನ ಹಾಸುಬಂಡೆಗೆ ನಡೆದುಕೊಂಡೇ ಹೋಗಿದ್ದೆವು. ಹೋಗುವಾಗ ಮೊಣಕಾಲಿಗೆ ನೀರು. ಮೀನು ಕಚ್ಚುತ್ತಿತ್ತು, ಬೆನ್ನು ದಡಕ್ಕಿತ್ತು. ತಿರುಗಿ ನೋಡುವ ಹೊತ್ತಿಗೆ ನಾವು ಬಂದ ದಾರಿಯಲ್ಲಿದ್ದ ಮೂರು ಕಲ್ಲುಗಳಲ್ಲಿ ಎರಡು ಇರಲಿಲ್ಲ. ವಾಪಸ್ ಬರುವಾಗ ಸೊಂಟಕ್ಕೆ ನೀರು. ಅಣ್ಣ ನನ್ನ ಅಂಗಿಯ ಕಾಲರ್ ಹಿಡಿದೇ ದಾಟಿಸಿದ. ಗಾಳ, ಚಪ್ಪಲಿ, ಹಿಡಿದ ಮೀನು ಎಲ್ಲ ಕಾವೇರಿಗೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮೊಣಕಾಲಿಗೂ ಸೊಂಟಕ್ಕೂ ಒಂದೂವರೆ ಅಡಿ ತಾನೇ ವ್ಯತ್ಯಾಸ ಎನಿಸಬಹುದು. ಆದರೆ ನೀರು ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಅಗಲವಾದ ಹೊಳೆಯಲ್ಲಿ ಹರಿವು ಹತ್ತು ಪಟ್ಟಾದರೆ ಸ್ಥೂಲವಾಗಿ ಆಳ ನಾಲ್ಕು ಪಟ್ಟು, ವೇಗ ಎರಡೂವರೆ ಪಟ್ಟು ಆಗುತ್ತದೆ. ಅಂದರೆ ಅದೇ ಕಾಲಿಗೆ ಆರು ಪಟ್ಟು ಹೊಡೆತ, ಅದೂ ಕಾಲಿಗೆ ಮಾತ್ರವಲ್ಲ, ಈಗ ಸೊಂಟಕ್ಕೂ ಸೇರಿಸಿ. 5,000 ಕ್ಯೂಸೆಕ್ ಇದ್ದದ್ದು 50,000 ಆಯಿತು ಎಂದು ಪತ್ರಿಕೆಯಲ್ಲಿ ಓದುವಾಗ ಈ ಲೆಕ್ಕ ತಲೆಯಲ್ಲಿರಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. 10,000 ಕ್ಯೂಸೆಕ್ ಎಂದರೆ ನಿಮ್ಮ ಅಪಾರ್ಟ್‌ಮೆಂಟಿಗೆ ಬರುವ 12,000 ಲೀಟರಿನ ಟ್ಯಾಂಕರುಗಳು ಪ್ರತಿ ಸೆಕೆಂಡಿಗೂ ಇಪ್ಪತ್ತಮೂರು, ಇಪ್ಪತ್ನಾಲ್ಕು ಖಾಲಿಯಾದಂತೆ.

ಈಗ ನಿಮ್ಮ ಅಕ್ಟೋಬರಿನ ಕಥೆಗೆ ಬರೋಣ. ಬಿಸಿಲಿದ್ದಾಗ ನೀರು ಏಕೆ ಬಂತು? ತಲಕಾಡಿನ ಆಕಾಶಕ್ಕೂ ತಲಕಾಡಿನ ಹೊಳೆಗೂ ಸಂಬಂಧವೇ ಇಲ್ಲವೆನ್ನಬಹುದು. ಅಲ್ಲಿ ಹರಿಯುವುದು ಕೊಡಗಿನ ಮಳೆ, ಹೇಮಾವತಿಯ ಮೂಲಕ ಬರುವ ಮಲೆನಾಡಿನ ಮಳೆ, ಮತ್ತು ತಿರುಮಕೂಡಲಿನಲ್ಲಿ ಕಪಿಲೆ, ಅಂದರೆ ಕಬಿನಿ, ತಂದು ಸೇರಿಸುವ ವಯನಾಡಿನ ಮಳೆ. ಹೊರಡುವ ಮುನ್ನ ನೋಡಬೇಕಾದ ಹವಾಮಾನ ಮಡಿಕೇರಿ ಮತ್ತು ವಯನಾಡಿನದು, ಬೆಂಗಳೂರಿನದೂ ಅಲ್ಲ, ತಲಕಾಡಿನದೂ ಅಲ್ಲ.

ನಡುವೆ ಅಣೆಕಟ್ಟುಗಳಿವೆಯಲ್ಲ ಎನ್ನಬೇಡಿ. ಕನ್ನಂಬಾಡಿಯ, ಅಂದರೆ ಕೆ.ಆರ್.ಎಸ್.ನ, ಪೂರ್ಣ ಮಟ್ಟ 124.80 ಅಡಿ, ಹಿಡಿಯುವುದು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಜೂನ್‌ನಲ್ಲಿ ಕಟ್ಟೆ ಖಾಲಿ ಇರುವಾಗ ಕೊಡಗಿನಲ್ಲಿ ಎಷ್ಟೇ ಸುರಿದರೂ ಕಟ್ಟೆ ನುಂಗಿಕೊಳ್ಳುತ್ತದೆ, ಕೆಳಗಿನವರಿಗೆ ಗೊತ್ತೇ ಆಗುವುದಿಲ್ಲ. ಕಟ್ಟೆ ತುಂಬಿದ ಮೇಲೆ ಬಂದಷ್ಟೂ ಬಿಡಲೇಬೇಕು. ಕಬಿನಿ ಇನ್ನೂ ಚಿಕ್ಕದು, 19.52 ಟಿಎಂಸಿ. ಬೇಗ ತುಂಬುತ್ತದೆ, ಬೇಗ ಬಿಡುತ್ತಾರೆ. ಕೆ.ಆರ್.ಎಸ್. ತುಂಬಿತು, ಬಾಗಿನ ಅರ್ಪಿಸಿದರು ಎಂಬ ಸುದ್ದಿ ಬಂದ ದಿನ ನಾಡಿಗೆಲ್ಲ ಹಬ್ಬ. ಹೊಳೆಗೆ ಇಳಿಯುವವರು ಮಾತ್ರ ಆ ಸುದ್ದಿಯನ್ನು ಎಚ್ಚರಿಕೆಯೆಂದೇ ಓದಬೇಕು. ಅವತ್ತಿನಿಂದ ಆ ವರ್ಷದ ಮಳೆ ಮುಗಿಯುವವರೆಗೆ ನಿಮ್ಮ ಮೇಲ್ಗಡೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ಅಕ್ಟೋಬರಿನ ಗುಡುಗು ಮಳೆ ತುಂಬಿದ ಕಟ್ಟೆಗೆ ಬಿದ್ದರೆ ನೀವು ನೋಡಿದ್ದೇ ಆಗುತ್ತದೆ. ಬಿಟ್ಟ ನೀರು ತಲಕಾಡು ಮುಟ್ಟಲು ಹಲವು ಗಂಟೆ ಹಿಡಿಯುತ್ತದೆ, ಅಷ್ಟು ದೂರದ ಅಣೆಕಟ್ಟಿನ ಸೈರನ್ ನಿಮಗೆ ಕೇಳಿಸುವ ಮಾತೇ ಇಲ್ಲ.

ಲೆಕ್ಕಕ್ಕೆ ಸಿಗದ ಅಪಾಯವೂ ಉಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಅಂಥದ್ದು ಅಪರೂಪ, ಅದಕ್ಕಾಗಿ ಹೊಳೆಗೇ ಹೋಗಬೇಡಿ ಎನ್ನುವುದಿಲ್ಲ. ತುಂಬಿದ ಕಟ್ಟೆಯ ಕೆಳಗಿನ ನಡುಗಡ್ಡೆಯಲ್ಲಿ ಟೆಂಟ್ ಹಾಕಿ ಮಲಗಬೇಡಿ ಎನ್ನುತ್ತೇನೆ.

ಮಾಹಿತಿ ಸಿಗುವುದು ಕಷ್ಟವಲ್ಲ. ಜಲಾಶಯಗಳ ಒಳಹರಿವು, ಹೊರಹರಿವು ಪ್ರತಿದಿನ ಮೈಸೂರಿನ ಪತ್ರಿಕೆಗಳಲ್ಲಿ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಪ್ರಕಟಿಸುತ್ತದೆ. ಮಳೆಯ ಬಗ್ಗೆ ಅವರ ವರುಣಮಿತ್ರ ಸಹಾಯವಾಣಿಯಲ್ಲಿ ಕೇಳಬಹುದು. ಒಂದು ದಿನದ ಅಂಕಿ ನೋಡಿ ಏನೂ ತಿಳಿಯದು. ಮೂರು ದಿನದ್ದನ್ನು ಸಾಲಾಗಿ ಇಟ್ಟು ನೋಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಅಂಕಿ ಬೇಡವೆಂದರೆ ಸುದ್ದಿ ಸಾಕು. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದ್ದಾರೆ, ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪಕ್ಕೆ ನೀರು ಬಂದಿದೆ ಎಂದರೆ ತಲಕಾಡಿನ ಕಾರ್ಯಕ್ರಮ ರದ್ದು. ಹಂಪಿ ಕಡೆಯವರಿಗೆ ಪುರಂದರ ಮಂಟಪವೇ ಗೇಜು.

ಈಜಿನ ವಿಷಯ. ಹೊಳೆಯ ವೇಗ ಅಳೆಯಲು ಯಂತ್ರ ಬೇಡ. ದಡದ ಉದ್ದಕ್ಕೂ ಹತ್ತು ಹೆಜ್ಜೆ ಅಳೆದು ಎರಡು ಗುರುತು ಇಡಿ, ಸುಮಾರು ಏಳು ಮೀಟರ್ ಆಗುತ್ತದೆ. ಮೇಲಿನ ಗುರುತಿನ ನೇರಕ್ಕೆ, ಹೊಳೆಯ ನಡುವಿಗೆ ಬೀಳುವಂತೆ ಒಂದು ಒಣಕಡ್ಡಿ ಎಸೆಯಿರಿ. ಕೆಳಗಿನ ಗುರುತು ದಾಟಲು ಹತ್ತು ಸೆಕೆಂಡಿಗಿಂತ ಕಡಿಮೆ ಹಿಡಿದರೆ ಯಾರೂ ಇಳಿಯಬೇಡಿ. ಈಜುಕೊಳದಲ್ಲಿ ಐವತ್ತು ಮೀಟರನ್ನು ಒಂದು ನಿಮಿಷದಲ್ಲಿ ಮುಗಿಸುವವರನ್ನು ನಾವು ಒಳ್ಳೆಯ ಈಜುಗಾರ ಎನ್ನುತ್ತೇವೆ. ಆ ಒಳ್ಳೆಯ ಈಜುಗಾರನೂ ಈ ಸೆಳವಿಗೆ ಎದುರಾಗಿ ಈಜಿದರೆ ಇದ್ದಲ್ಲೇ ಇರುತ್ತಾನೆ, ಕೈ ಸೋಲುವವರೆಗೆ. ಮಕ್ಕಳಿಗಾದರೆ ಕಡ್ಡಿ ಇಪ್ಪತ್ತು ಸೆಕೆಂಡಾದರೂ ತೆಗೆದುಕೊಳ್ಳಬೇಕು, ಅದೂ ದೊಡ್ಡವರೊಬ್ಬರು ಅವರಿಗಿಂತ ಕೆಳಗೆ ನಿಂತಿರಬೇಕು. ಬಹಳ ಮಂದಿ ಮಕ್ಕಳ ಹಿಂದೆ ದಡದ ಕಡೆ ನಿಂತು ಕಾಯುತ್ತಾರೆ. ಮಗು ಜಾರಿದರೆ ಹೋಗುವುದು ಕೆಳಕ್ಕೆ ತಾನೇ?

ಆಳ ಕಣ್ಣಿಗೆ ಸುಳ್ಳು ಹೇಳುತ್ತದೆ. ತಿಳಿನೀರಿನಲ್ಲಿ ನೇರ ಮೇಲಿಂದ ನೋಡಿದರೂ ನಾಲ್ಕಡಿ ಆಳ ಮೂರಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಲಕಾಡಿನಲ್ಲಿ ಇದಕ್ಕಿಂತ ದೊಡ್ಡ ಮೋಸ ಮರಳಿನದು. ತಿರುವಿನ ಒಳಬದಿಯಲ್ಲಿ ಮರಳು ಹರಡಿಕೊಂಡು ತಟ್ಟೆಯಂತಿರುತ್ತದೆ, ಹೊರಬದಿಯಲ್ಲಿ ನೀರು ಕೊರೆದು ಮಡು ಮಾಡಿರುತ್ತದೆ. ತಟ್ಟೆ ಮುಗಿದು ಮಡು ಶುರುವಾಗುವ ಅಂಚು ಇಳಿಜಾರಲ್ಲ, ಮೆಟ್ಟಿಲು. ಅದರ ಮೇಲೆ ಕಾಲಿಟ್ಟರೆ ಮರಳೇ ಜಾರುತ್ತದೆ. ಮೊಣಕಾಲಿನ ನೀರಿನಿಂದ ತಲೆ ಮುಳುಗುವ ನೀರಿಗೆ ಎರಡೇ ಹೆಜ್ಜೆ. ಮರಳು ತೆಗೆದ ಕಡೆಯಂತೂ ಗುಂಡಿ ಎಲ್ಲಿದೆ ಎಂದು ಊರವರಿಗೂ ಹೇಳಲಾಗದು, ಪ್ರತಿ ಮಳೆಗಾಲಕ್ಕೂ ಜಾಗ ಬದಲಾಗುತ್ತದೆ. ನೀರಿನ ಬಣ್ಣ ತಿಳಿ ಕಂದಿನಿಂದ ಕಡುಹಸಿರಿಗೆ ತಿರುಗುವ ಗೆರೆ ಕಂಡರೆ ಅದೇ ಅಂಚು. ಅದಕ್ಕಿಂತ ಹತ್ತು ಹೆಜ್ಜೆ ಈಚೆಗೇ ನಿಲ್ಲಿ.

ಹೊಳೆಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಕಟ್ಟೆಗಳ ವಿಷಯದಲ್ಲಿ ಮಾತ್ರ ನನ್ನದು ಹಟ, ಯಾರು ಕೇಳಿದರೂ ಬೇಡ ಎನ್ನುತ್ತೇನೆ. ಬೆಳಗೊಳದ ಹತ್ತಿರದ ಬಲಮುರಿಯನ್ನು ಜಲಪಾತ ಎಂದು ಕರೆಯುತ್ತಾರೆ. ಅದು ಮೂಲತಃ ಆಳೆತ್ತರದ ಒಂದು ಒಡ್ಡು. ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆಯಂಥ ಹಳೆಯ ಅಣೆಗಳೂ ಕಾವೇರಿಯುದ್ದಕ್ಕೂ ಇವೆ. ನೀರು ಸಮವಾಗಿ, ಬಿಳಿ ಪರದೆಯಂತೆ ಬೀಳುತ್ತಿರುವುದು ನೋಡಲು ಚಂದ. ಬಿದ್ದ ನೀರು ತಳಕ್ಕೆ ಹೋಗಿ, ಮುಂದೆ ಮೇಲಕ್ಕೆದ್ದು, ಮೇಲ್ಮೈಯಲ್ಲಿ ಮತ್ತೆ ಕಟ್ಟೆಯ ಕಡೆಗೇ ತಿರುಗುತ್ತದೆ. ಅದರಲ್ಲಿ ಸಿಕ್ಕ ತೆಂಗಿನಕಾಯಿಯನ್ನು ಗಮನಿಸಿ: ಕಟ್ಟೆಯ ಬುಡಕ್ಕೆ ಹೋಗುತ್ತದೆ, ಮುಳುಗುತ್ತದೆ, ಏಳುತ್ತದೆ, ಮತ್ತೆ ಬುಡಕ್ಕೆ ಹೋಗುತ್ತದೆ. ಅರ್ಧ ಗಂಟೆ ಅಲ್ಲೇ ಸುತ್ತುತ್ತಿರುತ್ತದೆ. ಮನುಷ್ಯನ ಗತಿಯೂ ಅಷ್ಟೇ. ಜೊತೆಗೆ ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಅಲ್ಲಿ ದೇಹ ತೇಲುವುದೂ ಕಡಿಮೆ. ಎತ್ತರದ ಜಲಪಾತಕ್ಕೆ ಜನ ಹೆದರುತ್ತಾರೆ, ಈ ಗಿಡ್ಡ ಕಟ್ಟೆಗೆ ಹೆದರುವುದಿಲ್ಲ. ಸಿಮೆಂಟ್ ಹಾಕಿದ ನಾಲೆಗಳೂ ಇದೇ ಜಾತಿ. ಹಿಡಿದು ಮೇಲೆ ಬರಲು ಒಂದು ಬೇರೂ ಸಿಗದು.

ಮೊಸಳೆಯನ್ನೂ ಹೇಳಿಬಿಡುತ್ತೇನೆ. ರಂಗನತಿಟ್ಟು, ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಮೊಸಳೆಗಳಿವೆ, ದಾಂಡೇಲಿಯ ಕಾಳಿಯಲ್ಲೂ ಇವೆ. ಚಳಿಗಾಲದ ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಕಂಡ ಜಾಗದಲ್ಲಿ ಕಾಣದ ಹೊತ್ತಿನಲ್ಲೂ ಇಳಿಯಬೇಡಿ.

ನಿಮ್ಮ ತಮ್ಮನಿಗೆ. ಮೊದಲು ಜಾಗ. ರಂಗನತಿಟ್ಟು ಪಕ್ಷಿಧಾಮದಲ್ಲಿ, ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕುವಂತಿಲ್ಲ. ಕೆರೆಗಳಲ್ಲಿ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಕೇಳದೆ ಕೂತರೆ ಜಗಳ ಖಂಡಿತ. ಇನ್ನು ನೀರು. ಹೊಸನೀರು ಕೆಂಪಗೆ ಏರಿ ಬರುತ್ತಿರುವಾಗ ಗಾಳ ಹಾಕುವುದು ಎರೆಹುಳು ದಂಡ, ಜೀವಕ್ಕೂ ಅಪಾಯ. ಏರಿದ ನೀರು ಇಳಿಯತೊಡಗಿ, ಎರಡು ಮೂರು ದಿನಕ್ಕೆ ಕೆಂಪು ತಿಳಿಯಾಗಿ, ಸೆಳವು ಒಂದು ಕಡೆ, ನಿಂತ ನೀರು ಇನ್ನೊಂದು ಕಡೆ ಎಂದು ಗೆರೆ ಎಳೆದಂತೆ ಕಾಣುವಾಗ ಆ ಗೆರೆಯ ಮೇಲೆ ಬೆಂಡು ಬಿಡಲಿ. ಮೀನು ನಿಂತ ನೀರಿನಲ್ಲಿ ಮೈ ಇಟ್ಟು ಸೆಳವು ತರುವ ಊಟಕ್ಕೆ ಬಾಯಿ ಚಾಚಿರುತ್ತದೆ. ರಾಗಿ ಹಿಟ್ಟಿನ ಉಂಡೆಗೆ ಬಿಳಿಮೀನು ಬಿದ್ದರೆ, ಅದೇ ನಮ್ಮ ಕಾವೇರಿಯ ಮಹಶೀರ್, ಒದ್ದೆ ಕೈಯಲ್ಲಿ ಹಿಡಿದು ನೀರಿಗೇ ಬಿಡಲಿ. ಇಲ್ಲಿನ ಡುಬ್ಬದ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕೂರುವುದು ದಡಕ್ಕೆ ಅಂಟಿದ ಬಂಡೆಯ ಮೇಲೆ, ಬೆನ್ನು ದಡಕ್ಕೆ ಹಾಕದೆ. ಕಾರ್ಬನ್ ಕೋಲು ಇಟ್ಟುಕೊಂಡಿದ್ದರೆ ಮೇಲೆ ವಿದ್ಯುತ್ ತಂತಿ ಇದೆಯೇ ನೋಡಲಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ.

ತೆಪ್ಪದಲ್ಲಿ ನೀವು ಅಳೆಯಬೇಕಾದದ್ದು ಅಂಬಿಗನನ್ನು. ದುಂಡಗಿನ ತೆಪ್ಪಕ್ಕೆ ಮುಂದು ಹಿಂದು ಇಲ್ಲ. ಸೆಳವು ಹೆಚ್ಚಾದರೆ ಒಂದು ಹುಟ್ಟಿನಲ್ಲಿ ಅದನ್ನು ಹಿಡಿತದಲ್ಲಿಡುವುದು ಕಷ್ಟ. ನಿತ್ಯ ದಾಟಿಸುವವರು ಇವತ್ತು ಬೇಡ ಎಂದರೆ ಹೆಚ್ಚು ದುಡ್ಡು ಕೊಡುತ್ತೇನೆ ಎನ್ನಬೇಡಿ. ಆ ದುಡ್ಡಿಗೆ ಒಪ್ಪುವವನು ಸಿಕ್ಕರೆ ಅವನ ತೆಪ್ಪಕ್ಕೆ ಹತ್ತಲೇಬೇಡಿ. ತುಂಬಿದ ಮೇಲೆ ತೆಪ್ಪದ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ಲೈಫ್ ಜಾಕೆಟ್ ತೊಟ್ಟ ಮಗುವಿನ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ, ಜಾಕೆಟ್ ಗಲ್ಲ ದಾಟಿ ಬಂದರೆ ಅದು ಆ ಮಗುವಿನ ಅಳತೆಯದಲ್ಲ. ಗರಗರ ತಿರುಗಿಸಿ ಎಂದು ಕೇಳುವ ಚಟ ಬಿಡಿ, ಎಲ್ಲರೂ ಒಂದೇ ಕಡೆ ಬಾಗಿ ಸೆಲ್ಫಿ ತೆಗೆಯುವುದನ್ನೂ. ಹತ್ತುವ ಮುನ್ನ ಕೆಳಗಡೆ ಏನಿದೆ ಎಂದು ಕೇಳಿ. ಮರಳು ದಿಣ್ಣೆ ಇದ್ದರೆ ಸರಿ, ಕಟ್ಟೆ ಇದ್ದರೆ ಬೇಡ. ಕಬಿನಿ, ಹೇಮಾವತಿ ಹಿನ್ನೀರಿನಲ್ಲಿ ಸೆಳವಿಲ್ಲ, ಗಾಳಿಯಿದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಗಾಳಿಗೆ ಅಲೆ ಏಳಿಸುತ್ತದೆ. ದೂರದಲ್ಲಿ ನೀರು ಇದ್ದಕ್ಕಿದ್ದಂತೆ ಕಪ್ಪಗಾಗಿ ನಿಮ್ಮತ್ತ ಹರಡುತ್ತಾ ಬಂದರೆ ಅದು ಬಿರುಗಾಳಿಯ ಹೆಜ್ಜೆ. ಗುಡುಗು ಕೇಳಿಸಿದರೆ ದಡ ಸೇರಿ.

ಕೊನೆಗೆ ನಿಮ್ಮ ಅತ್ತೆಯವರ ಊರಿನ ಕೆರೆ. ಕೆರೆಗೆ ಸೆಳವಿಲ್ಲ ಎಂದು ನಂಬುತ್ತಾರೆ. ತೂಬು ಎತ್ತಿದ್ದರೆ ಅದರ ಬಾಯಲ್ಲಿ ಸೆಳವಿದೆ, ಕೋಡಿ ಬಿದ್ದಿದ್ದರೆ ಅಲ್ಲೂ ಇದೆ. ಈಗಿನ ದೊಡ್ಡ ಅಪಾಯ ಹೂಳೆತ್ತಿದ ಗುಂಡಿಗಳು. ಬೇಸಿಗೆಯಲ್ಲಿ ಜೆಸಿಬಿ ಗೋಡೆಯಂತೆ ನೇರ ಕತ್ತರಿಸಿ ಬಿಟ್ಟಿರುತ್ತದೆ, ಮಳೆಗಾಲದಲ್ಲಿ ನೀರು ಎಲ್ಲವನ್ನೂ ಸಮ ಮಾಡಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳವನ್ನು ನೀವೇ ನಡೆದು ನೋಡದಿದ್ದರೆ ಮಳೆಗಾಲದಲ್ಲಿ ಅದರಲ್ಲಿ ಈಜಬೇಡಿ. ತೋಟದ ಕೃಷಿಹೊಂಡದ ಹತ್ತಿರವಂತೂ ಮಕ್ಕಳನ್ನು ಬಿಡಲೇಬೇಡಿ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ದೊಡ್ಡವರೂ ಹತ್ತಲಾರರು.

ನೀರಿನ ಗುಣಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಗೋಲು ಇದೆ. ಸ್ನಾನಕ್ಕೆ ಯೋಗ್ಯ ಎನ್ನಬೇಕಾದರೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಣಿಕೆ 500 ಮೀರಬಾರದು. ಮೀನಿಗಾದರೆ 4 ಮಿಲಿಗ್ರಾಂ ಆಮ್ಲಜನಕ ಸಾಕು. ಅಂದರೆ ಮೀನು ಬದುಕಿದೆ ಎಂಬ ಒಂದೇ ಕಾರಣಕ್ಕೆ ನೀವು ಮುಳುಗು ಹಾಕುವಂತಿಲ್ಲ. ಪ್ರಯೋಗಾಲಯವಿಲ್ಲದೆ ನೋಡಬೇಕೆಂದರೆ ಸೂರ್ಯ ಹುಟ್ಟುವ ಹೊತ್ತಿಗೆ ಏರಿಯ ಮೇಲೆ ಹೋಗಿ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ಆಮ್ಲಜನಕ ಖಾಲಿ ಮಾಡಿರುತ್ತದೆ, ಬೆಳಗಿನ ಜಾವವೇ ಕೆರೆಗೆ ಅತ್ಯಂತ ಕಷ್ಟದ ಹೊತ್ತು. ಆಗ ಮೀನುಗಳು ಸಾಲಾಗಿ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಊರ ಚರಂಡಿ ಕೆರೆಗೆ ಸೇರುತ್ತಿದೆಯೇ ಎಂದು ವಿಚಾರಿಸಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿ ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಹಸಿರು ಪೇಂಟ್ ಚೆಲ್ಲಿದಂತೆ ಪದರ ಕಟ್ಟಿದ್ದರೆ ನಾಯಿಯನ್ನೂ ಇಳಿಸಬೇಡಿ. ಗಾಯವಿದ್ದವರು ನಿಂತ ನೀರಿಗೆ ಇಳಿಯಬಾರದು, ಇಲಿ ಜ್ವರ ಬರುವುದು ಆ ದಾರಿಯಲ್ಲೇ. 2024ರಲ್ಲಿ ಕೇರಳದಲ್ಲಿ ಮಕ್ಕಳ ಜೀವ ತೆಗೆದ ಅಮೀಬಾ ಮೆದುಳಿಗೆ ಹೋಗುವುದು ಮೂಗಿನಿಂದ. ಅದಕ್ಕೇ ಬೆಚ್ಚಗಿನ ನಿಂತ ನೀರಿನಲ್ಲಿ ಧುಮುಕುವುದು, ಮುಳುಗು ಹಾಕುವುದು ಬೇಡ.

ಡಿಕ್ಕಿಯಲ್ಲಿ ಇಪ್ಪತ್ತು ಮೀಟರ್ ಹಗ್ಗ, ಮುಚ್ಚಳ ಬಿಗಿಯಾದ ಒಂದು ಖಾಲಿ ಕ್ಯಾನು ಇಟ್ಟುಕೊಳ್ಳಿ. ಯಾರಾದರೂ ಸೆಳವಿಗೆ ಸಿಕ್ಕರೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ, 112ಕ್ಕೆ ಕರೆ ಮಾಡಿ. ಹಾರಬೇಡಿ. ಕಾಪಾಡಲು ಹಾರಿದವರೂ ಜೊತೆಗೆ ಹೋದ ಸುದ್ದಿಗಳನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ತಲಕಾಡಿನಲ್ಲಿ ಆ ಯಜಮಾನರು ಮತ್ತೆ ಸಿಕ್ಕರೆ ಎಲೆಯಡಿಕೆ ಕೊಟ್ಟು ಮಾತನಾಡಿಸಿ. ಎಮ್ಮೆಗಳನ್ನು ಯಾವ ಕಡೆಯಿಂದ ನೀರಿಗೆ ಬಿಡುತ್ತಾರೆ, ಯಾವ ಕಡೆ ಬಿಡುವುದಿಲ್ಲ ಎಂದು ಕೇಳಿ. ಬಿಡುವ ಕಡೆ ನೆಲ ಗಟ್ಟಿ, ಇಳಿಜಾರು ನಿಧಾನ. ಮಕ್ಕಳನ್ನೂ ಅಲ್ಲೇ ಇಳಿಸಿ, ಕಡ್ಡಿ ನೆಟ್ಟ ಮೇಲೆ.